ಕ್ಯಾರಿಯರಿನ ಮೇಲೆ ಕೂತವಳು

ನಮ್ಮ ಪಡಸಾಲೆಯ ಗೋಡೆಗೆ ಆರು ತಿಂಗಳಿಂದ ಒಂದು ಮುರುಕು ಸೈಕಲ್ಲು ಒರಗಿ ನಿಂತಿದೆ. ಮನೆಗೆ ಬಂದವರೆಲ್ಲ, "ಗುಜರಿಗೆ ಹಾಕಬಾರದೇನ್ರಿ?" ಎನ್ನುತ್ತಾರೆ. ಹಾಕುವ ಹಾಗಿಲ್ಲ.

ಓದಲೆಂದು ನಮ್ಮಲ್ಲಿರುವ ತಮ್ಮನ ಮಗಳು ಒಂಬತ್ತನೆಯ ತರಗತಿಗೆ ಬಂದಾಗ ಕೊಡಿಸಿದ ಸೈಕಲ್ಲು ಅದು. ಏಳು ತಿಂಗಳು ತುಂಬಿರಲಿಲ್ಲ, ಸೀಟಿನ ಕೆಳಗಿನ ಪೈಪು ಪೆಡಲಿನ ಬಳಿ ಕೂಡುವಲ್ಲಿ ಬಿರುಕು ಬಿಟ್ಟು, ಹುಡುಗಿ ಮೊಣಕಾಲು ತರಚಿಕೊಂಡು ಬಂದಳು. ಅಂಗಡಿಯವರು ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಅಂಗಡಿಯವರನ್ನು ಕೇಳಿ ಎಂದರು. ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀವೂ ಅನುಭವಿಸಿಯೇ ಇರುತ್ತೀರಿ.

ಬಸ್ ಸ್ಟ್ಯಾಂಡಿನ ಹಿಂದಿನ ವೆಲ್ಡಿಂಗ್ ಅಂಗಡಿಯ ಮುದುಕರು ಕನ್ನಡಕ ಏರಿಸಿ ನೋಡಿದರು. "ಇಲ್ನೋಡ್ರಿ ಅಕ್ಕೋರ, ಬಿರುಕಿನ ಒಳಗ ಹಳೇ ತುಕ್ಕು ಐತಿ. ನಿನ್ನೆ ಮೊನ್ನೆ ಸೀಳಿದ್ದಲ್ಲ ಇದು. ಬೆಸುಗಿ ಒಳಗ ಇಳದೇ ಇಲ್ಲ, ಮ್ಯಾಲೆ ಬಣ್ಣ ಹೊಡದಾರ." ನಮ್ಮ ತಂದೆಯ ಕಾಲದ ಸೈಕಲ್ಲುಗಳಲ್ಲಿ ಪೈಪಿನ ತುದಿಗೆ ಉಕ್ಕಿನ ತೋಳು ತೊಡಿಸಿ, ಹಿತ್ತಾಳೆ ಕರಗಿಸಿ ಕೂಡಿಸುತ್ತಿದ್ದರಂತೆ. ಅಂಥ ಸೈಕಲ್ಲಿನ ಮೇಲೆ ಜೋಳದ ಚೀಲದ ಜೊತೆ ನಾನೂ ಕೂತು ಸಂತೆಗೆ ಹೋಗಿದ್ದೇನೆ.

ಕೊನೆಗೆ ಕಂಪನಿಯಿಂದ ಒಂದು ನಮೂನೆ ಬಂತು. ಅದರಲ್ಲೊಂದು ಪ್ರಶ್ನೆ: ಸೈಕಲ್ಲಿನ ಮೇಲೆ ಎಂದಾದರೂ ಇಬ್ಬರು ಕೂತಿದ್ದರೇ?

ಕೂತಿದ್ದರು, ದಿನಾ. ಹಿಂದಿನ ಓಣಿಯ ಹುಡುಗಿಯೊಬ್ಬಳು ನಮ್ಮವಳ ಗೆಳತಿ. ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ಲು ಅವಳ ಅಕ್ಕನಿಗೆ ಸಿಕ್ಕಿತ್ತು. ಇವಳು ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಕೊಡುವುದು ನಿಂತಿತ್ತು. ಹಾಗಾಗಿ ನಮ್ಮ ಕ್ಯಾರಿಯರೇ ಅವಳ ವಾಹನ. ಒಬ್ಬರೇ ಕೂರಬೇಕೆಂದಿದ್ದರೆ ಅಷ್ಟು ಗಟ್ಟಿ ಕ್ಯಾರಿಯರು ಏಕೆ ಕೂರಿಸಿದರೋ!

"ಇಲ್ಲ ಅಂತ ಬರೀರಿ" ಎಂದರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. "ತಪ್ಪು ಅವರದೇ ಅಲ್ಲವೇ? ನಿಮ್ಮ ಸುಳ್ಳಿನಿಂದ ನ್ಯಾಯವೇ ಆಗುತ್ತದೆ." ಈ ಮಾತಿಗೆ ಒಂದು ವಾರ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಖಾಲಿ ಬಿಡೋಣವೆಂದೂ ಯೋಚಿಸಿದೆ. ಆದರೆ ಅಶ್ವತ್ಥಾಮನ ಹೆಸರಿನಲ್ಲಿ ಧರ್ಮರಾಯ ಆಡಿದ್ದೂ ಅಂಥ ಅರ್ಧ ಮಾತೇ. ಅದುವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ನಮ್ಮ ಸೈಕಲ್ಲು ಮೊದಲಿನಿಂದಲೂ ನೆಲದ ಮೇಲೇ ಇದ್ದದ್ದು, ಇಳಿಯಲು ಜಾಗವಿಲ್ಲ ಎಂದು ನನ್ನಷ್ಟಕ್ಕೆ ನಕ್ಕೆ.

ಒಂದು ಸಂಜೆ ಆ ಗೆಳತಿ ಬಾಗಿಲಲ್ಲಿ ನಿಂತು ಕೇಳಿದಳು: "ನಾ ಕುಂತಿದ್ದಕ್ಕ ಮುರೀತೇನ್ರಿ ಅಕ್ಕೋರ?"

ಇಲ್ಲವೆಂದು ಸಮಾಧಾನ ಮಾಡಿ ಕಳಿಸಿದೆ. ಒಳಗೆ ಬಂದು ನಮೂನೆ ನೋಡಿದಾಗ ಕೈ ಬರಲಿಲ್ಲ. ಅವಳ ತಪ್ಪಿಲ್ಲ ಎಂದ ಮೇಲೆ ಅವಳನ್ನು ಬಚ್ಚಿಡುವುದೇಕೆ? ಬಚ್ಚಿಟ್ಟರೆ, ಅವಳು ಕೂತದ್ದೇ ಅಪರಾಧವೆಂದು ಕಂಪನಿಗಿಂತ ಮೊದಲು ನಾನೇ ಒಪ್ಪಿದ ಹಾಗಲ್ಲವೇ? ಹೌದು, ಇಬ್ಬರು ಕೂತಿದ್ದರು ಎಂದು ಬರೆದು, ತುಕ್ಕಿನ ಚಿತ್ರವನ್ನೂ ಜೊತೆಗಿಟ್ಟೆ.

ತಿಂಗಳುಗಟ್ಟಲೆ ಮೌನವಾಗಿದ್ದವರು ನಾಲ್ಕೇ ದಿನದಲ್ಲಿ ಉತ್ತರಿಸಿದರು: ನಿಮ್ಮ ಹೇಳಿಕೆಯ ಪ್ರಕಾರ ವಾರಂಟಿ ಅನ್ವಯಿಸುವುದಿಲ್ಲ. ತುಕ್ಕಿನ ಬಗ್ಗೆ ಚಕಾರವಿಲ್ಲ.

1986ರ ಗ್ರಾಹಕರ ಕಾನೂನಿನ ಜಾಗಕ್ಕೆ ಈಗ 2019ರ ಕಾಯ್ದೆ ಬಂದಿದೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಜಿಲ್ಲಾ ಆಯೋಗಕ್ಕೆ ದೂರು ಬರೆದಿದ್ದೇನೆ. ಅದರಲ್ಲೂ ಆ ಹುಡುಗಿ ಇದ್ದಾಳೆ. ಬಿರುಕೇ ನಮ್ಮ ಸಾಕ್ಷಿಯಾದ್ದರಿಂದ ಬೆಸೆಯಬೇಡಿ ಎಂದು ಮುದುಕರಿಗೆ ಹೇಳಿದ್ದೇನೆ. ಹುಡುಗಿಯರಿಬ್ಬರೂ ಈಗ ಅರ್ಧ ಗಂಟೆ ಮೊದಲೇ ಹೊರಟು, ನಡೆದೇ ಶಾಲೆಗೆ ಹೋಗುತ್ತಾರೆ.