ಮೆಣಸಿನ ಬೀಜವೂ ನಮ್ಮ ತಾಳ್ಮೆಯೂ

ಓದತಕ್ಕ ಭಾಗ: ಮಾರ್ಕನ ಸುವಾರ್ತೆ, 4ನೆಯ ಅಧ್ಯಾಯ, 26ರಿಂದ 29ರ ವರೆಗೆ.



ಬಿತ್ತಿದವನು ತನ್ನ ಪಾಲಿನ ಕೆಲಸವನ್ನು ಮುಗಿಸಿ ಮನೆಗೆ ಹೋಗುತ್ತಾನೆ. ಮಣ್ಣಿನೊಳಗೆ ನಡೆಯುವುದನ್ನು ಅವನು ಕಾಣನು. ಆದರೂ ಬೆಳೆ ಬರುತ್ತದೆ ಎಂಬುದು ನಮ್ಮ ಕರ್ತನು ಹೇಳಿದ ಈ ಸಾಮ್ಯದ ಸಾರ. ಇದನ್ನು ನಾವು ಅನೇಕ ಸಾರಿ ಪ್ರಸಂಗಿಸಿದ್ದುಂಟು. ಆದರೆ ಇದರ ಅರ್ಥವನ್ನು ಬಿಂಡಿಗನವಿಲೆಯ ಒಂದು ಹಿತ್ತಿಲಿನಲ್ಲಿ, ಹಳೆಯ ಮರದ ಪೆಟ್ಟಿಗೆಯ ಮುಂದೆ ಕುಳಿತು ಕಲಿತೆವು.

ಮೇ ತಿಂಗಳ ಕೊನೆಯಲ್ಲಿ ಆ ಪೆಟ್ಟಿಗೆಗೆ ಮಣ್ಣು ತುಂಬಿ ಮೆಣಸಿನ ಬೀಜ ಹಾಕಿದೆವು. ನಾಲ್ಕು ದಿನ ಕಳೆಯಿತು, ಆರು ದಿನ ಕಳೆಯಿತು, ಹಸುರೇ ಕಾಣಲಿಲ್ಲ. ನೀರು ಸಾಲದೆಂದು ಎಣಿಸಿ ಮೂರು ಹೊತ್ತೂ ಸುರಿದೆವು. ಏಳನೆಯ ದಿನ ಬೀಜವೇ ಸತ್ತಿತೆಂದು ಬೆರಳಿನಿಂದ ಕೆದಕಿದೆವು. ಅಯ್ಯೋ! ಬೀಜದಿಂದ ಬಿಳಿಯ ಬೇರು ಆಗ ತಾನೇ ಹೊರಟಿತ್ತು. ನಮ್ಮ ಬೆರಳೇ ಅದನ್ನು ಮುರಿಯಿತು. ಉಳಿದವು ಹೆಚ್ಚಿನ ನೀರಿನಿಂದ ಕೊಳೆತವು. ನೆರೆಮನೆಯ ಅಜ್ಜಿಯೊಬ್ಬರು ನೋಡಿ, “ಅಯ್ಯನವರೇ, ಇದೇನು ರಾಗಿಯೇ, ಹುರುಳಿಯೇ? ಮೆಣಸಿನ ಬೀಜ ನಿಧಾನಸ್ಥ. ಕೆದಕಿದರೆ ಬಂದೀತೇ?” ಅಂದರು. ನಾವು ನಾಚಿಕೊಂಡೆವು.

ಆ ಬೀಜವು ತಡಮಾಡುವುದಕ್ಕೆ ಕಾರಣವುಂಟು. ಅದರೊಳಗೆ ಬೇರಿನ ತುದಿಯ ಮುಂದೆ ಗಟ್ಟಿಯಾದ ಪದರವಿದೆ. ನೀರೂ ಬೆಚ್ಚಗೂ ಸೇರಿ ಆ ಪದರವು ಮೆತ್ತಗಾಗುವ ತನಕ ಬೇರು ಹೊರಗೆ ಬಾರದು. ಆದುದರಿಂದ ಮೇಲೆ ಏನೂ ಕಾಣದ ದಿನಗಳಲ್ಲಿಯೂ ಒಳಗೆ ಕೆಲಸವು ನಡೆಯುತ್ತಿರುತ್ತದೆ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಎಂಟರಿಂದ ಹದಿನಾಲ್ಕು ದಿನಗಳಲ್ಲಿ ಮೊಳೆಯುತ್ತದೆ. ಚಳಿಗಾಲದಲ್ಲಿ ಮೂರು ವಾರವೂ ಹಿಡಿದೀತು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲು ಬೀಜ. ರೋಗವಿಲ್ಲದ ಗಿಡದಲ್ಲಿ ಪೂರ್ತಿ ಕೆಂಪಾಗಿ ಹಣ್ಣಾದ ಕಾಯನ್ನು ಆರಿಸಿ, ಬೀಜ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಆ ಕೈಯನ್ನು ಕಣ್ಣಿಗೆ ತಾಗಿಸಬಾರದು. ಹೈಬ್ರಿಡ್ ಗಿಡದ ಬೀಜವನ್ನು ಇಟ್ಟುಕೊಂಡರೆ ತಾಯಿಗಿಡದ ಹಾಗೆಯೇ ಬರುವುದೆಂಬ ಭರವಸೆಯಿಲ್ಲ. ಎರಡು ಮೂರು ವರುಷ ಹಳತಾದ ಬೀಜ ಸರಿಯಾಗಿ ಮೊಳೆಯದು. ಸಂದೇಹವಿದ್ದರೆ, ಹುರುಳಿಯನ್ನು ಮೊಳಕೆ ಕಟ್ಟುವಂತೆ 20 ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ, ಬಟ್ಟೆ ಒಣಗದಂತೆ ಬೆಚ್ಚಗಿಡಿರಿ. ಹದಿನಾಲ್ಕು ದಿನಗಳೊಳಗೆ 12 ಆದರೂ ಮೊಳೆತರೆ ಬಿತ್ತಬಹುದು.

ಆಮೇಲೆ ಒಟ್ಟಲು. ಕೆಮ್ಮಣ್ಣು, ಮರಳು, ಚೆನ್ನಾಗಿ ಕೊಳೆತ ಕೊಟ್ಟಿಗೆಗೊಬ್ಬರ ಇವುಗಳನ್ನು ಸಮನಾಗಿ ಬೆರಸಿ ಜರಡಿ ಹಿಡಿಯಿರಿ. ಪೆಟ್ಟಿಗೆಯಾಗಲಿ ಕರಟವಾಗಲಿ, ಅಡಿಯಲ್ಲಿ ತೂತಿರಲಿ. ಬೀಜವನ್ನು ಒಂದು ರಾತ್ರಿ ನೆನೆಸಿ, ಅರ್ಧ ಸೆಂಟಿಮೀಟರು ಆಳದಲ್ಲಿ ಸಾಲಾಗಿ ಹಾಕಿ, ಮೇಲೆ ಒಣಹುಲ್ಲು ಹೊದಿಸಿರಿ. ನೀರನ್ನು ಸುರಿಯದೆ ಚಿಮುಕಿಸಿರಿ. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಮೊಳಕೆ ತಲೆಯೆತ್ತಿದ ದಿನವೇ ಹುಲ್ಲನ್ನು ತೆಗೆದು ಬೆಳಕು ಕೊಡಿರಿ. ಒತ್ತಾಗಿ ಬಿತ್ತಿ ನೀರು ನಿಲ್ಲಿಸಿದರೆ ಎಳೆಯ ಪೈರು ಬುಡದಲ್ಲಿ ಕೊಳೆತು ಒರಗುತ್ತದೆ. ಆರು ವಾರಕ್ಕೆ ಗೇಣುದ್ದವಾದಾಗ, ಕಿತ್ತು ನೆಡುವುದಕ್ಕೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ ಬಿಸಿಲಿಗೆ ಪಳಗಿಸಿರಿ. ನೆಡುವಾಗ ಎರಡಡಿ ಸಾಲು, ಒಂದೂವರೆ ಅಡಿ ಅಂತರ ಸಾಕು. ನರ್ಸರಿಗಳಲ್ಲಿ ಪೈರು ಹಣಕ್ಕೆ ಸಿಕ್ಕುವುದು ನಿಜ. ಆದರೆ ಕೈಯಲ್ಲಿ ಹಣವಿಲ್ಲದ ಮನೆಗೆ ಹಿತ್ತಿಲಿನ ಹತ್ತು ಗಿಡಗಳು ಸಾರಿಗೆ ಆಧಾರ.

ಪ್ರಿಯರೇ, ಈಗ ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ರಾತ್ರಿ ಓದಿನ ತರಗತಿಗೆ ಕೂಲಿ ಮಾಡುವ ಒಬ್ಬ ಹುಡುಗನು ಒಂದು ವರುಷ ಬಂದನು. ಹಿಂದೆ ಕುಳಿತಿರುವನು, ಬಾಯಿ ಬಿಡನು, ಅಕ್ಷರ ಕೂಡಿಸನು. ವಾರವಾರವೂ ಎಲ್ಲರ ಮುಂದೆ ಅವನನ್ನು ಎಬ್ಬಿಸಿ ಪರೀಕ್ಷಿಸಿದೆವು. ಕಡೆಗೆ, “ನಿನ್ನಿಂದಾಗದಪ್ಪಾ, ಸುಮ್ಮನೆ ದಣಿಯಬೇಡ” ಅಂದೆವು. ಅವನು ತಲೆಬಾಗಿಸಿ ಹೋದನು, ಮರಳಿ ಬರಲಿಲ್ಲ. ಮುರಿದ ಬೇರನ್ನು ಕೈಯಲ್ಲಿ ಹಿಡಿದಾಗ ಆ ಹುಡುಗನ ಮುಖವೇ ನಮ್ಮ ಕಣ್ಣ ಮುಂದೆ ನಿಂತಿತು. ಅವನ ಒಳಗೆ ಏನು ಮೆತ್ತಗಾಗುತ್ತಿತ್ತೋ ನಾವು ವಿಚಾರಿಸಲೇ ಇಲ್ಲ.

ಅವನ ಮನೆಗೆ ಹೋಗಿ, ಅವನ ತಾಯಿಯ ಎದುರಿನಲ್ಲೇ ಕ್ಷಮೆ ಕೇಳಿಕೊಂಡೆವು. ಅವನು ಇನ್ನೂ ಬಂದಿಲ್ಲ. ನಾವು ದಿನ ಎಣಿಸುವುದಿಲ್ಲ. ಅವನ ಚಾಪೆಯನ್ನು ಹಾಸಿಯೇ ಇಡುತ್ತೇವೆ, ದೀಪವನ್ನು ಹಚ್ಚಿಯೇ ಇಡುತ್ತೇವೆ.

ನಿಮ್ಮ ಮನೆಗಳಲ್ಲಿಯೂ ತಡವಾಗಿ ಮೊಳೆಯುವವರು ಇದ್ದಾರು: ಕುಡಿತವನ್ನು ಬಿಡುತ್ತೇನೆಂದು ಹೇಳಿ ಎಡವುವ ಗಂಡನು, ಮಾತು ಕಲಿಯದ ಮಗುವು, ಹೊಸದಾಗಿ ಬಂದು ಮೌನವಾಗಿರುವ ಸೊಸೆಯು. ಅವರನ್ನು ಕೈಬಿಡಬೇಡಿರಿ, ಒಣಗಿದ ಮಡಿಯಲ್ಲಿ ಬೀಜವು ಸಾಯುತ್ತದೆ. ದಿನದಿನವೂ ಕೆದಕಲೂ ಬೇಡಿರಿ. ಹೊತ್ತುಹೊತ್ತಿಗೆ ಬೇಕಾದಷ್ಟು ನೀರನ್ನು ಚಿಮುಕಿಸಿ, ರಾತ್ರಿ ದೇವರಿಗೆ ಒಪ್ಪಿಸಿ ಮಲಗಿರಿ. ಮಣ್ಣಿನೊಳಗಿನ ಕೆಲಸವು ಆತನದು. ಆಮೆನ್.