ನೀರಿಗೆ ದಾಕ್ಷಿಣ್ಯವಿಲ್ಲ

ತಂಗಿಯ ಮಗಳು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿದ್ದಳು. ಏಳನೇ ಮಹಡಿ, ಎರಡು ಕೋಣೆ, ಪೂರ್ವಕ್ಕೊಂದು ಬಾಲ್ಕನಿ. ಗೃಹಪ್ರವೇಶಕ್ಕೆ ಮುಹೂರ್ತ ಗೊತ್ತಾಗಿ, ಕರೆಯೋಲೆ ಅಚ್ಚಿಗೆ ಹೋಗಿತ್ತು. ‘ಒಮ್ಮೆ ಬಂದು ನೋಡಿ ಸಹಿ ಹಾಕಿದರೆ ಕೀಲಿಕೈ ಕೊಟ್ಟುಬಿಡುತ್ತೇವೆ’ ಎಂದು ಬಿಲ್ಡರ್ ಕಡೆಯಿಂದ ಫೋನ್ ಬಂದಾಗ ಅವಳು ನನ್ನನ್ನೂ ಕರೆದಳು. ನಾನು ನಮ್ಮೂರಿನ ಗಾರೆ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ನಲವತ್ತು ವರ್ಷ ಕರಣೆ ಹಿಡಿದ ಕೈ ಅವರದು.

ಮೇಸ್ತ್ರಿ ಚೀಲದಿಂದ ರಸಮಟ್ಟ ಮತ್ತು ತೂಗುಗುಂಡು ತೆಗೆದರು. ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದು, ಹಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಟೈಲ್ಸನ್ನು ತಟ್ಟುತ್ತ ಸರಿದರು. ಟಣ್, ಟಣ್ ಎನ್ನುತ್ತಿದ್ದದ್ದು ಕಿಟಕಿಯ ಹತ್ತಿರ ಬಂದಾಗ ಡಬ್ ಎಂದಿತು. ‘ಇಲ್ಲಿ ಟೊಳ್ಳು’ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅಡಿಯಲ್ಲಿ ಗಾರೆ ಪೂರ್ತಿ ಹರಡದೆ ಗಾಳಿ ಉಳಿದರೆ ಹಾಗಾಗುತ್ತದಂತೆ. ಮುಂದೊಂದು ದಿನ ಅಲ್ಲಿ ಭಾರದ ಪಾತ್ರೆ ಬಿದ್ದರೆ ಬಿರುಕು ಬಿಡುತ್ತದೆ. ಹಾಲೊಂದರಲ್ಲೇ ಹಾಗೆ ಒಂಬತ್ತು ಗುರುತು ಬಿದ್ದವು.

ಆಮೇಲೆ ಬಾಲ್ಕನಿಗೆ ಹೋಗಿ, ‘ಒಂದು ಚೆಂಬು ನೀರು ಕೊಡಿ’ ಎಂದರು. ಚೆಂಬಿರಲಿಲ್ಲ, ಬಾಟಲಿಯ ನೀರನ್ನೇ ನೆಲಕ್ಕೆ ಸುರಿದರು. ನೀರು ಒಂದು ಕ್ಷಣ ನಿಂತಲ್ಲೇ ಹರಡಿತು. ಮೂಲೆಯ ಜಾಲರಿಯ ಕಡೆ ಹೋಗಬೇಕಾದದ್ದು, ಮೆಲ್ಲಗೆ ತಿರುಗಿ ಹಾಲಿನ ಹೊಸಿಲ ಕಡೆಗೆ ಬರತೊಡಗಿತು. ‘ಒರೆಸಿಕೊಂಡರೆ ಆಯ್ತು ಸಾರ್’ ಎಂದ ಸೈಟ್ ಎಂಜಿನಿಯರ್ ಹುಡುಗ. ನಮ್ಮ ಹುಡುಗಿಯೂ ನನ್ನ ಕಿವಿಯಲ್ಲಿ, ‘ಹೋಗ್ಲಿ ಬಿಡಿ ದೊಡ್ಡಮ್ಮ, ಅವರಿಗೆ ಬೇಜಾರಾಗುತ್ತೆ’ ಎಂದಳು. ಮೇಸ್ತ್ರಿಗೆ ಅದು ಕೇಳಿಸಿತು. ‘ನೀರಿಗೆ ದಾಕ್ಷಿಣ್ಯ ಇಲ್ಲ ತಾಯಿ. ವಾಟ ಎಲ್ಲಿಗಿದೆಯೋ ಅಲ್ಲಿಗೇ ಹೋಗುತ್ತೆ’ ಎಂದರು.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಇಪ್ಪತ್ತು ವರ್ಷ ಬ್ಯಾಂಕಿಗೆ ಕಂತು ಕಟ್ಟಬೇಕಾದ ಮನೆಯನ್ನು ಮಾತ್ರ ಅರ್ಧ ಗಂಟೆಯಲ್ಲಿ ಸುತ್ತಿ ಬಂದು ಸಹಿ ಹಾಕುತ್ತೇವೆ. ಮನೆ ಕಟ್ಟಿ ನೋಡು ಎಂದರು ಹಿರಿಯರು. ಈಗ ಕಟ್ಟುವವರು ಬೇರೆ, ನಮ್ಮ ಪಾಲಿಗೆ ಉಳಿದಿರುವುದು ನೋಡುವ ಕೆಲಸವೊಂದೇ. ಅದನ್ನೂ ಮುಹೂರ್ತದ ಅವಸರಕ್ಕೆ, ಎದುರಿಗಿರುವವರ ದಾಕ್ಷಿಣ್ಯಕ್ಕೆ ಬಿಟ್ಟುಕೊಡುತ್ತೇವೆ.

ಕಾನೂನು ನಮ್ಮ ಬೆನ್ನಿಗಿದೆ. ರೇರಾ ಎಂದು ನಾವೆಲ್ಲ ಕರೆಯುವ 2016ರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮನೆ ವಶಕ್ಕೆ ಬಂದ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ದೋಷ ಕಂಡು ಅದನ್ನು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಬಿಡಿಗಾಸು ಕೇಳದೆ ಸರಿಪಡಿಸಿಕೊಡಬೇಕು. ಆದರೆ ಒಡೆದ ಟೈಲ್ಸ್, ಗೀರು ಬಿದ್ದ ಬಾಗಿಲು, ಸೊಟ್ಟ ಕಿಟಕಿ ನಮಗಿಂತ ಮೊದಲೇ ಹಾಗಿತ್ತು ಎಂದು, ‘ಎಲ್ಲ ಸರಿಯಿದೆ’ ಎಂಬ ಹಾಳೆಗೆ ಸಹಿ ಮಾಡಿದ ಮೇಲೆ ವಾದಿಸುವುದು ಕಷ್ಟ. ಕಾಯ್ದೆಯ ಬಲ ನಮಗೆ ಸಿಗಬೇಕಾದರೆ ಮೊದಲು ನಮ್ಮ ಕಣ್ಣು ಕೆಲಸ ಮಾಡಿರಬೇಕು.

ಹಾಗಾಗಿ ಮುಹೂರ್ತಕ್ಕೆ ಎರಡು ಮೂರು ವಾರ ಇರುವಾಗಲೇ ಒಂದು ಹಗಲನ್ನು ಇದಕ್ಕೆಂದು ತೆಗೆದಿಡಿ. ಸ್ಥಳೀಯ ಸಂಸ್ಥೆ ಕೊಡುವ ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ಬಂದಿದೆಯೇ ಎಂದು ಮೊದಲು ಕೇಳಿ. ಟೇಪು ಹಿಡಿದು, ಕರಾರಿನಲ್ಲಿ ಹೇಳಿದಷ್ಟು ಜಾಗ ಇದೆಯೇ ಅಳೆಯಿರಿ. ಕಾರ್ಪೆಟ್ ಏರಿಯಾದ ಲೆಕ್ಕಕ್ಕೆ ಬಾಲ್ಕನಿಯಾಗಲಿ ಹೊರಗೋಡೆಯಾಗಲಿ ಸೇರುವುದಿಲ್ಲ. ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ, ಒಂದಂಗುಲ ನೀರು ನಿಲ್ಲಿಸಿ, ಮರುದಿನ ಕೆಳಗಿನ ಮನೆಯ ಚಾವಣಿಯಲ್ಲಿ ತೇವ ಕಾಣುತ್ತದೆಯೇ ನೋಡಿ ಬನ್ನಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ನೀರಿನ ರಭಸ ಇಳಿಯುತ್ತದೆಯೇ ಗಮನಿಸಿ. ಕರೆಂಟಿನ ಕೆಲಸ ಬಲ್ಲವರೊಬ್ಬರಿಂದ ಪ್ರತಿ ಪ್ಲಗ್ಗಿಗೂ ಅರ್ಥಿಂಗ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಮೇನ್ ಬೋರ್ಡಿನಲ್ಲಿ ‘ಟೆಸ್ಟ್’ ಎಂದು ಬರೆದ ಸಣ್ಣ ಗುಂಡಿ ಒತ್ತಿದರೆ ಸ್ವಿಚ್ ತಟ್ಟನೆ ಬೀಳಬೇಕು; ಶಾಕ್ ಹೊಡೆದಾಗ ಮಕ್ಕಳ ಜೀವ ಕಾಯುವುದು ಅದೇ. ಸಾಧ್ಯವಾದರೆ ಒಂದು ಜೋರು ಮಳೆಯ ಮರುದಿನ ಹೋಗಿ ಕಿಟಕಿಯ ಸುತ್ತ ಕೈಯಾಡಿಸಿ. ನಮ್ಮ ಮೇಸ್ತ್ರಿಯಂಥವರು ಸಿಗದಿದ್ದರೆ, ಹಣ ಪಡೆದು ಇದೇ ಕೆಲಸ ಮಾಡಿಕೊಡುವವರು ಈಗ ಬೆಂಗಳೂರಿನಲ್ಲೇ ಇದ್ದಾರೆ. ಕಂಡದ್ದೆಲ್ಲವನ್ನೂ ಫೋಟೊ ಸಮೇತ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ.

ಹೀಗೆ ನೋಡಿದರೆ ಕಟ್ಟಿದವರಿಗೆ ಅವಮಾನ ಎಂಬ ಅಳುಕು ಬೇಡ. ಅಂದು ಹೊರಡುವಾಗ ಮೇಸ್ತ್ರಿ ಆ ಎಂಜಿನಿಯರ್ ಹುಡುಗನ ಹೆಗಲ ಮೇಲೆ ಕೈಯಿಟ್ಟು, ‘ಬಾಲ್ಕನಿಗೆ ಟೈಲ್ಸ್ ಹಾಕಿದವನನ್ನು ಬೈಬೇಡಪ್ಪ. ನೂಲು ಕಟ್ಟಿ ವಾಟ ಇಡೋದು ಹೇಗೆ ಅಂತ ತೋರಿಸಿಕೊಡು. ಮುಂದಿನ ಮನೆಗಾದರೂ ಸರಿಯಾಗುತ್ತೆ’ ಎಂದರು. ತಪ್ಪು ತೋರಿಸಿದ ಬೆರಳಲ್ಲಿ ಕಸುಬಿನ ಮೇಲಿನ ಪ್ರೀತಿ ಇತ್ತು. ಅದು ಆ ಹುಡುಗನಿಗೂ ಮುಟ್ಟಿತು. ನೋಟ್‌ಬುಕ್ ತೆಗೆದು ಒಂದೊಂದನ್ನೂ ಬರೆದುಕೊಂಡ.

ಹನ್ನೆರಡು ದಿನದ ಮೇಲೆ ಮತ್ತೆ ಹೋದೆವು. ಈ ಸಲ ನಮ್ಮ ಹುಡುಗಿ ಮನೆಯಿಂದಲೇ ಚೆಂಬು ತಂದಿದ್ದಳು. ಬಾಲ್ಕನಿಯಲ್ಲಿ ತಾನೇ ಬಗ್ಗಿ ನೀರು ಸುರಿದಳು. ಅದು ಹೊಸಿಲಿಗೆ ಬೆನ್ನು ತಿರುಗಿಸಿ ಮೂಲೆಯ ಜಾಲರಿಯತ್ತ ಹರಿಯಿತು. ಕೊನೆಯ ಹನಿ ಇಳಿಯುವ ತನಕ ನಿಂತು ನೋಡಿ, ಆಮೇಲೆ ಅವಳು ಪೆನ್ನು ಕೇಳಿದಳು.