ರೋಗ ಒಬ್ಬರದು, ಶಿಕ್ಷೆ ಯಾರಿಗೆ?

ಮನೆಯ ಹಿರಿಯರೊಬ್ಬರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಉಂಡು ಕೈತೊಳೆದ ಅರ್ಧ ಗಂಟೆಯಲ್ಲೇ ಊಟ ಕೊಟ್ಟಿಲ್ಲವೆಂದು ದೂರುತ್ತಾರೆ. ಮಕ್ಕಳು ರೇಗುತ್ತಾರೆ. ನೆರೆಯವರು, "ಅದು ಅವರ ವಂಶದಲ್ಲೇ ಇದೆ" ಎಂದು ಪಿಸುಗುಟ್ಟುತ್ತಾರೆ. ನಾಳೆ ಆ ಮನೆಯ ಮಗಳಿಗೆ ಸಂಬಂಧ ನೋಡುವಾಗ, ಈ ಪಿಸುಮಾತು ವರನ ಮನೆಯನ್ನು ಮೊದಲೇ ತಲುಪಿರುತ್ತದೆ. ಇದು ನ್ಯಾಯವೇ?

ಉತ್ತರಿಸುವ ಮುನ್ನ, 'ವಂಶದಲ್ಲಿದೆ' ಎಂಬ ಮಾತಿನ ಅರ್ಥವೇನೆಂದು ಪರಿಶೀಲಿಸೋಣ.

ಮೆದುಳಿನ ನರಕೋಶಗಳು ಬದುಕಿ ಉಳಿಯಲು ಮತ್ತು ಪರಸ್ಪರ ಸಂಪರ್ಕ ಬೆಳೆಸಲು ಪೋಷಣೆ ಬೇಕು. ಆ ಕೆಲಸ ಮಾಡುವ ಪ್ರೋಟೀನುಗಳಲ್ಲೊಂದು ಬಿ.ಡಿ.ಎನ್.ಎಫ್. 1982ರಲ್ಲಿ ಈವ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ ಎಂಬ ವಿಜ್ಞಾನಿಗಳು ಇದನ್ನು ಪ್ರಾಣಿಯ ಮೆದುಳಿನಿಂದ ಬೇರ್ಪಡಿಸಿದರು. ಇದರ ವಂಶವಾಹಿ ನಮ್ಮ 11ನೇ ವರ್ಣತಂತುವಿನಲ್ಲಿದೆ. ಆಲ್‌ಝೈಮರ್ ರೋಗಿಗಳಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಭಾಗದಲ್ಲಿ ಈ ಪ್ರೋಟೀನ್ ಕಡಿಮೆಯಾಗಿರುವುದು ಕಂಡುಬಂದಿದೆ.

ಈ ವಂಶವಾಹಿ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲ. ಕೆಲವರಲ್ಲಿ ಪ್ರೋಟೀನಿನ 66ನೇ ಸ್ಥಾನದಲ್ಲಿ ವ್ಯಾಲೀನ್ ಬದಲು ಮೆಥಿಯೊನಿನ್ ಇರುತ್ತದೆ. ಈ ರೂಪಭೇದವಿದ್ದರೆ ನರಕೋಶಗಳು ಅಗತ್ಯದ ವೇಳೆ ಈ ಪ್ರೋಟೀನನ್ನು ಕಡಿಮೆ ಸ್ರವಿಸುತ್ತವೆ, ಘಟನೆಗಳನ್ನು ನೆನಪಿಡುವ ಶಕ್ತಿಯೂ ತುಸು ಕಡಿಮೆ ಎಂದು 2003ರ ಒಂದು ಅಧ್ಯಯನ ಹೇಳಿತು. ಆದರೆ ನಂತರದ ಅಧ್ಯಯನಗಳೆಲ್ಲ ಅದನ್ನು ಒಪ್ಪಲಿಲ್ಲ. ಇದೊಂದರಿಂದಲೇ ಆಲ್‌ಝೈಮರ್ ಬರುತ್ತದೆಂಬುದಕ್ಕೆ ಆಧಾರವಿಲ್ಲ. ಪೂರ್ವ ಏಷ್ಯಾದಲ್ಲಂತೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಈ ರೂಪಭೇದವಿದೆ. ಕೋಟ್ಯಂತರ ಜನರಲ್ಲಿರುವುದನ್ನು ಕಳಂಕವೆನ್ನಲಾದೀತೇ?

ಇನ್ನೂ ಒಂದು ವಿಷಯ ಗಮನಿಸಿ. 2011ರಲ್ಲಿ ಅಮೆರಿಕದಲ್ಲಿ 120 ವೃದ್ಧರ ಮೇಲೆ ನಡೆದ ಅಧ್ಯಯನದ ವರದಿ ಬಂತು. ಒಂದು ವರ್ಷ ಕಾಲ ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು 2 ಶೇಕಡಾ ಹಿಗ್ಗಿತ್ತು. ಅದು ಹೆಚ್ಚು ಹಿಗ್ಗಿದವರ ರಕ್ತದಲ್ಲಿ ಈ ಪ್ರೋಟೀನೂ ಹೆಚ್ಚಿತ್ತು. ನಡಿಗೆ ರೋಗಕ್ಕೆ ಮದ್ದೆಂದು ಇದರ ಅರ್ಥವಲ್ಲ. ಆದರೆ, ಹಣೆಬರಹವೆಂದು ಕೈಕಟ್ಟಿ ಕೂರಲು ಕಾರಣವಿಲ್ಲ ಎಂಬುದಂತೂ ನಿಜ.

ಹಾಗಾದರೆ ವಂಶವಾಹಿಯೇ ತೀರ್ಪು ಬರೆಯುವ ರೋಗಗಳಿಲ್ಲವೇ? ಇವೆ. ಹಂಟಿಂಗ್ಟನ್ ರೋಗ ಅಂಥದ್ದು. ಅದು ಬೇರೊಂದು ವಂಶವಾಹಿಯ ದೋಷ. ಆ ದೋಷವು ಬಿ.ಡಿ.ಎನ್.ಎಫ್. ಉತ್ಪಾದನೆಯನ್ನೂ ಕುಗ್ಗಿಸುತ್ತದೆ, ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗಕ್ಕೆ ಅದರ ಪೂರೈಕೆಯನ್ನೂ ತಡೆಯುತ್ತದೆ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ 50 ಶೇಕಡಾ. ಇಲ್ಲಿ ನಮ್ಮ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಆದರೆ ಉತ್ತರ ಬದಲಾಗುವುದಿಲ್ಲ. ಹುಟ್ಟಿನಿಂದ ಬಂದುದನ್ನು ಯಾರೂ ಆರಿಸಿಕೊಂಡು ಬಂದಿರುವುದಿಲ್ಲ. ತಾನು ಆರಿಸದ ವಿಷಯಕ್ಕೆ ಮನುಷ್ಯ ಅಪರಾಧಿಯಾಗುವುದು ಹೇಗೆ?

ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ, ಬುದ್ಧಿ ಸ್ವಾಧೀನದಲ್ಲಿಲ್ಲದವರ ಮೇಲೆ ಧರ್ಮದ ಹೊಣೆಯಿಲ್ಲ ಎಂದು ನಾವು ನಂಬಿದ್ದೇವೆ. ಸೃಷ್ಟಿಕರ್ತನೇ ಲೆಕ್ಕ ಕೇಳದ ಮರೆವಿಗೆ ನಾವು ಲೆಕ್ಕ ಕೇಳುವುದೇ?

ಹಾಗೆಂದು ಗುಟ್ಟು ಮುಚ್ಚಿಡುವುದೂ ಸರಿಯಲ್ಲ. ಹಂಟಿಂಗ್ಟನ್‌ನಂಥ ರೋಗ ಮನೆಯಲ್ಲಿದ್ದರೆ ಮದುವೆಯ ಮಾತಿಗೆ ಮುನ್ನ ತಜ್ಞ ವೈದ್ಯರ ಸಲಹೆ ಪಡೆಯಬೇಕು. ಎರಡೂ ಕಡೆಯವರು ಪ್ರಾಮಾಣಿಕವಾಗಿ ಮಾತಾಡಬೇಕು. ಗಾಳಿಮಾತಿಗೂ ಪ್ರಾಮಾಣಿಕ ಮಾತಿಗೂ ಅಜಗಜಾಂತರವಿದೆ. ಒಂದು ಮನೆ ಮುರಿಯುತ್ತದೆ, ಇನ್ನೊಂದು ಮನೆ ಉಳಿಸುತ್ತದೆ.

ವೃದ್ಧ ತಂದೆ ಹತ್ತನೆಯ ಬಾರಿ ಅದೇ ಪ್ರಶ್ನೆ ಕೇಳಿದಾಗ, ಮೊದಲ ಬಾರಿ ಕೇಳಿದಂತೆಯೇ ಉತ್ತರಿಸಿರಿ. ಅವರ ಮಟ್ಟಿಗೆ ಅದು ಮೊದಲ ಬಾರಿಯೇ. ಮರೆತವರ ಪರೀಕ್ಷೆ ಮುಗಿದಿರಬಹುದು. ನೆನಪಿರುವ ನಮ್ಮ ಪರೀಕ್ಷೆ ಇನ್ನೂ ನಡೆಯುತ್ತಿದೆ.